ಸರ್ಕಾರದ ಮಾತು, ಪಕ್ಷದ ಮಾತು: ಮಾಧ್ಯಮ ವಿಭಾಗದ ಸಿಬ್ಬಂದಿ ಗೆರೆ ಎಲ್ಲಿ ಎಳೆಯಬೇಕು?

ಕಚೇರಿಕನ್ನಡಿ:

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಇಲಾಖೆಯೊಂದರ ಮಾಧ್ಯಮ ವಿಭಾಗದಲ್ಲಿದ್ದೇನೆ. ಪತ್ರಿಕಾ ಪ್ರಕಟಣೆ ಬರೆಯುವುದು, ಇಲಾಖೆಯ ಸೋಶಿಯಲ್ ಮೀಡಿಯಾ ಖಾತೆ ನೋಡಿಕೊಳ್ಳುವುದು, ಸಚಿವರ ಕಾರ್ಯಕ್ರಮಗಳ ಫೋಟೋ, ವಿಡಿಯೋ ಹಾಕುವುದು ನನ್ನ ಕೆಲಸ. ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಕುರ್ಚಿ ಅದೇ, ಕೆಲಸ ಅದೇ.

ಸರ್ಕಾರ ಏನು ಮಾಡುತ್ತಿದೆ ಅಂತ ಜನರಿಗೆ ತಿಳಿಸುವುದು ನಮ್ಮ ಕರ್ತವ್ಯ. ಯೋಜನೆ ಚೆನ್ನಾಗಿದೆ ಅಂತ ಜನರಿಗೆ ಗೊತ್ತಾದರೆ ಅದನ್ನು ತಂದ ಪಕ್ಷಕ್ಕೂ ಹೆಸರು ಬರುತ್ತದೆ. ಅದನ್ನು ತಪ್ಪಿಸಲು ಆಗುವುದಿಲ್ಲ. ಹಾಗಿರುವಾಗ ನಾವು ತಟಸ್ಥರಾಗಿರುವುದು ಅಂದರೆ ಏನು? ಇತ್ತೀಚೆಗೆ ನಮಗೆ ಬರುವ ಡ್ರಾಫ್ಟ್‌ಗಳಲ್ಲಿ ಹಿಂದಿನ ಸರ್ಕಾರವನ್ನು ಬೈಯುವ ಸಾಲು ಜಾಸ್ತಿ ಆಗಿದೆ. ಪಕ್ಷದ ಖಾತೆಯಲ್ಲಿ ಓಡುತ್ತಿರುವ ಹ್ಯಾಷ್‌ಟ್ಯಾಗ್ ಅನ್ನೇ ಇಲಾಖೆಯ ಪೋಸ್ಟ್‌ಗೂ ಹಾಕಿ ಅಂತ ಫೋನ್ ಬರುತ್ತದೆ. ಎಲ್ಲವೂ ಬಾಯಿಮಾತಿನಲ್ಲೇ.

ಈ ಕೆಲಸ ಮಾಡಿದವರು, ಪತ್ರಕರ್ತರು, ಕಾನೂನು ಬಲ್ಲವರು ಹೇಳಿ. ಯಾವ ಪಕ್ಷ, ಯಾವ ಸಚಿವರು ಅನ್ನುವುದು ಬೇಡ. ಪ್ರಶ್ನೆ ಯಾರು ಬಂದರೂ ಇದೇ.

ಜನಮತ:

ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜನ ವೋಟು ಹಾಕಿ ಒಂದು ಪಕ್ಷವನ್ನು ಆರಿಸಿದ್ದಾರೆ. ಆ ಪಕ್ಷ ಹೇಳಿದ್ದನ್ನು ಮಾಡುವುದೇ ಆಡಳಿತ. ಮಾಡಿದ್ದನ್ನು ಜೋರಾಗಿ ಹೇಳಿಕೊಳ್ಳುವ ಹಕ್ಕು ಅದಕ್ಕಿದೆ. ತಟಸ್ಥತೆ ಅಂತ ಹೇಳಿ ಸಿಬ್ಬಂದಿ ಪ್ರತಿ ಸಾಲಿಗೂ ಕತ್ತರಿ ಹಾಕುತ್ತಾ ಕೂತರೆ, ಯಾರೂ ಆರಿಸದ ಜನ ಆರಿಸಿ ಬಂದವರ ಬಾಯಿ ಮುಚ್ಚಿಸಿದ ಹಾಗಾಗುತ್ತದೆ. ಅಧಿಕಾರಿಗಳಿಗೂ ತಮ್ಮದೇ ಒಲವು ಇರುತ್ತದಲ್ವಾ? ಅದನ್ನೇ ನಿಯಮದ ಹೆಸರಲ್ಲಿ ತೀರಿಸಿಕೊಳ್ಳುವವರೂ ಇದ್ದಾರೆ.

ಸುದ್ದಿಮನೆ:

ಜನಮತ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಆದರೆ ಈ ಪ್ರಕಟಣೆಗಳನ್ನು ದಿನಾ ಓದುವ ಕಡೆಯಿಂದ ಹೇಳುತ್ತೇನೆ.

ಡೆಸ್ಕಿಗೆ ಒಂದು ಪ್ರಕಟಣೆ ಬರುತ್ತದೆ ಅಂದುಕೊಳ್ಳಿ. ಮೊದಲ ಎರಡು ಪ್ಯಾರಾ ಸಚಿವರ ಗುಣಗಾನ. ಮೂರನೆಯದು ವಿರೋಧ ಪಕ್ಷಕ್ಕೆ ಏಟು. ನಮ್ಮ ಓದುಗರಿಗೆ ಬೇಕಾಗಿರುವುದು ಯಾರು ಅರ್ಜಿ ಹಾಕಬಹುದು, ಕೊನೆಯ ದಿನ ಯಾವುದು, ಯಾವ ಕಾಗದ ಬೇಕು ಅನ್ನುವುದು. ಅದು ಕೊನೆಯ ಸಾಲಿನಲ್ಲಿ ಇರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ. ಆಗ ನಾವು ಮಾಧ್ಯಮ ವಿಭಾಗಕ್ಕೆ ಫೋನ್ ಮಾಡಿ ಕೇಳಬೇಕು. ಅಲ್ಲಿ ಇರುವವರಿಗೆ ಗೊತ್ತಿರುವುದಿಲ್ಲ, ಏಕೆಂದರೆ ಪ್ರಕಟಣೆ ಬರೆದವರು ಅವರಲ್ಲ.

ಇದರ ಪೆಟ್ಟು ಕಷ್ಟ ಕಾಲದಲ್ಲಿ ಗೊತ್ತಾಗುತ್ತದೆ. ಪ್ರವಾಹ ಬಂದಾಗ, ಸಾಂಕ್ರಾಮಿಕ ರೋಗ ಹರಡಿದಾಗ ಅದೇ ಖಾತೆಯಿಂದ "ಮನೆ ಖಾಲಿ ಮಾಡಿ", "ನೀರು ಕುದಿಸಿ ಕುಡಿಯಿರಿ" ಅಂತ ಹೇಳಬೇಕಾಗುತ್ತದೆ. ವರ್ಷಪೂರ್ತಿ ಒಂದು ಪಕ್ಷದ ಜೈಕಾರ ಹಾಕಿದ ಖಾತೆಯನ್ನು ಇನ್ನೊಂದು ಪಕ್ಷಕ್ಕೆ ವೋಟು ಹಾಕಿದವರು ಆ ದಿನ ಯಾಕೆ ನಂಬಬೇಕು? ಅವರೂ ತೆರಿಗೆ ಕಟ್ಟಿದ್ದಾರೆ. ಆ ಖಾತೆ ಅವರದ್ದೂ ಹೌದು.

ಹಳೇಟಿಪ್ಪಣಿ:

ನಿವೃತ್ತ ವಾರ್ತಾಧಿಕಾರಿ ನಾನು. ಸರ್ಕಾರ ಬದಲಾದದ್ದನ್ನು ಒಳಗಿನಿಂದ ಬೇಕಾದಷ್ಟು ಸಲ ನೋಡಿದ್ದೇನೆ. ತತ್ವದ ಮಾತು ಆಮೇಲೆ ಆಡೋಣ, ಮೊದಲು ಒಂದು ಸಾಲು ಕೈಯಲ್ಲಿ ಹಿಡಿದು ನೋಡೋಣ. ನಾನೇ ಬರೆದ ಮಾದರಿ ಇದು, ಆದರೆ ಈ ಧಾಟಿ ನಿಮಗೆಲ್ಲ ಗೊತ್ತಿರುವುದೇ:

"ಬಡವರ ಆಶಾಕಿರಣರಾದ ಮಾನ್ಯ ಸಚಿವರ ದೂರದೃಷ್ಟಿಯಿಂದಾಗಿ, ಹಿಂದಿನ ಸರ್ಕಾರ ಮೂಲೆಗೆ ತಳ್ಳಿದ್ದ ಕುಡಿಯುವ ನೀರಿನ ಯೋಜನೆಗೆ ಇಂದು ಮರುಜೀವ ಬಂದಿದೆ."

ಇದರಲ್ಲಿ ನಿಜವಾದ ಸುದ್ದಿ ಎಷ್ಟು? ಯೋಜನೆ ನಿಂತಿತ್ತು, ಈಗ ಮತ್ತೆ ಶುರುವಾಗಿದೆ. ಅಷ್ಟೇ. "ಆಶಾಕಿರಣ" ಅನ್ನುವುದು ಅಭಿಮಾನಿಗಳ ಮಾತು. "ದೂರದೃಷ್ಟಿ" ಹೌದೋ ಅಲ್ಲವೋ ಜನ ತೀರ್ಮಾನ ಮಾಡಲಿ. "ಮೂಲೆಗೆ ತಳ್ಳಿದ್ದ" ಅನ್ನುವುದು ಆರೋಪ. ಕೆಲಸ ನಿಂತದ್ದು ಕಡತದಲ್ಲಿ ಇರುತ್ತದೆ. ಯಾಕೆ ನಿಂತಿತು ಅನ್ನುವುದಕ್ಕೆ ಗುತ್ತಿಗೆದಾರನ ತಕರಾರು, ಭೂಮಿಯ ವ್ಯಾಜ್ಯ, ಹಣ ಇಲ್ಲದ್ದು ಹೀಗೆ ಹತ್ತು ಕಾರಣ ಇರಬಹುದು. ಅದನ್ನು ಒಂದೇ ಮಾತಿನಲ್ಲಿ ಒಬ್ಬರ ತಲೆಗೆ ಕಟ್ಟಲು ಸರ್ಕಾರಿ ಲೆಟರ್‌ಹೆಡ್ ಬಳಸಬಾರದು.

ನಾನಾಗಿದ್ದರೆ ಹೀಗೆ ಬರೆಯುತ್ತೇನೆ: "ಕುಡಿಯುವ ನೀರಿನ ಯೋಜನೆಯ ಎರಡನೇ ಹಂತದ ಕಾಮಗಾರಿಗೆ ಸಚಿವರು ಇಂದು ಚಾಲನೆ ನೀಡಿದರು. ಮೊದಲ ಹಂತದ ನಂತರ ಕೆಲಸ ನಿಂತಿತ್ತು. ಈ ಹಂತಕ್ಕೆ ಸಂಪುಟ ಒಪ್ಪಿಗೆ ನೀಡಿದೆ. ಯಾವ ಬಡಾವಣೆಗೆ ಯಾವಾಗ ನೀರು ಬರಲಿದೆ ಎಂಬ ಪಟ್ಟಿ ಕೆಳಗಿದೆ." ಅದರ ಕೆಳಗೆ ಸಚಿವರ ಒಂದು ಹೇಳಿಕೆ, ಅವರ ಹೆಸರಿನಲ್ಲಿ: ಈ ಯೋಜನೆಗೆ ಯಾಕೆ ಆದ್ಯತೆ ಕೊಟ್ಟೆವು, ಇದರಿಂದ ಏನಾಗುತ್ತದೆ ಅಂತ.

ಜನಮತ ಅವರೇ, ಗಮನಿಸಿ. ಸಚಿವರಿಗೆ ಬರಬೇಕಾದ ಹೆಸರು ಇದರಲ್ಲಿ ಒಂದಿಷ್ಟೂ ಕಡಿಮೆ ಆಗಿಲ್ಲ. ನೀರು ಬರುತ್ತದೆ ಅಂತ ಗೊತ್ತಾದವರಿಗೆ ತಂದವರು ಯಾರು ಅಂತಲೂ ಗೊತ್ತಾಗುತ್ತದೆ. ಇನ್ನು ನಾನು ಇಟ್ಟುಕೊಂಡಿದ್ದ ಪರೀಕ್ಷೆ ಇದು: ನಾಳೆ ಬೇರೆ ಪಕ್ಷದ ಸಚಿವರು ಬಂದು "ಇದನ್ನು ಬರೆದವರು ಯಾರು?" ಅಂತ ಕೇಳಿದರೆ, "ನಾನೇ ಸರ್" ಅಂತ ತಲೆ ಎತ್ತಿ ಹೇಳಲು ಆಗಬೇಕು.

ಕಚೇರಿಕನ್ನಡಿ:

ಸರ್, ಸಾಲು ಬಿಡಿಸಿ ತೋರಿಸಿದ್ದು ತುಂಬಾ ಉಪಯೋಗ ಆಯಿತು. ಆದರೆ ಸಚಿವರ ಹೇಳಿಕೆಯೊಳಗೇ ಬೈಗುಳ ಇದ್ದರೆ? "ಅದು ಅವರ ಮಾತು, ನೀನು ಹಾಕು ಅಷ್ಟೇ" ಅನ್ನುತ್ತಾರೆ.

ನ್ಯಾಯದಾರಿ:

ಈ ಪ್ರಶ್ನೆಗೆ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಬಹಳ ಸೂಕ್ಷ್ಮವಾಗಿ ಉತ್ತರ ಕೊಟ್ಟಿದೆ. ಆಗ ಗೃಹ ಸಚಿವರಾಗಿದ್ದ ಹೋರ್ಸ್ಟ್ ಜೇಹೋಫರ್ ಒಂದು ಸಂದರ್ಶನದಲ್ಲಿ ವಿರೋಧ ಪಕ್ಷವಾದ ಎಎಫ್‌ಡಿಯನ್ನು ಕಟುವಾಗಿ ಟೀಕಿಸಿದ್ದರು. ಆ ಸಂದರ್ಶನವನ್ನು ಸಚಿವಾಲಯದ ವೆಬ್‌ಸೈಟ್‌ನಲ್ಲೂ ಹಾಕಲಾಯಿತು. 2020ರ ಜೂನ್‌ನಲ್ಲಿ ತೀರ್ಪು ಬಂತು. ಸಂದರ್ಶನದಲ್ಲಿ ಹಾಗೆ ಹೇಳಿದ್ದು ತಪ್ಪಲ್ಲ, ರಾಜಕಾರಣಿಯಾಗಿ ಅವರಿಗೆ ಆ ಹಕ್ಕಿದೆ. ಅದನ್ನು ಸಚಿವಾಲಯದ ವೆಬ್‌ಸೈಟ್‌ಗೆ ಹಾಕಿದ್ದು ತಪ್ಪು, ಏಕೆಂದರೆ ಆ ಸೌಲಭ್ಯ ಅವರಿಗೆ ಸಿಕ್ಕಿದ್ದು ಹುದ್ದೆಯಿಂದ, ಅದು ಉಳಿದ ಪಕ್ಷಗಳಿಗೆ ಇಲ್ಲ. ಮಾತು ಒಂದೇ, ಹಾಕಿದ ಜಾಗ ಬೇರೆ, ಅದಕ್ಕೇ ತೀರ್ಪೂ ಬೇರೆ.

ಅದಕ್ಕೂ ಮೊದಲು, 2018ರಲ್ಲಿ, ಶಿಕ್ಷಣ ಸಚಿವೆಯಾಗಿದ್ದ ಯೋಹಾನಾ ವಾಂಕಾ ಅವರ ವಿಷಯದಲ್ಲೂ ಹೀಗೇ ಆಗಿತ್ತು. ಅದೇ ಪಕ್ಷದ ಒಂದು ಪ್ರತಿಭಟನೆಯ ವಿರುದ್ಧ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಪ್ರಕಟಣೆ ಹಾಕಿಸಿದ್ದರು. ಸರ್ಕಾರದ ಮೇಲೆ ಆರೋಪ ಬಂದರೆ ಸತ್ಯಾಂಶ ಕೊಟ್ಟು ಉತ್ತರಿಸಬಹುದು, ಒಂದು ಪಕ್ಷದ ವಿರುದ್ಧ ಜನರನ್ನು ತಿರುಗಿಸುವ ಕೆಲಸ ಮಾಡುವಂತಿಲ್ಲ ಅಂತ ಕೋರ್ಟ್ ಹೇಳಿತು. ಎದುರಿನ ಪಕ್ಷ ಎಂಥದ್ದು, ಅದರ ನಿಲುವು ನಮಗೆ ಇಷ್ಟವೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇದರ ಬೇರು 1977ರ ತೀರ್ಪಿನಲ್ಲಿದೆ. ಸರ್ಕಾರ ಜನರಿಗೆ ಮಾಹಿತಿ ಕೊಡುವುದು ಬೇಕೇ ಬೇಕು, ಆದರೆ ಅದು ಚುನಾವಣಾ ಪ್ರಚಾರ ಆಗಬಾರದು, ಚುನಾವಣೆ ಹತ್ತಿರ ಬಂದಷ್ಟೂ ಕೈ ಹಿಡಿತದಲ್ಲಿರಬೇಕು ಅಂತ ಆಗಲೇ ಹೇಳಿದ್ದರು.

ಹಾಗಾಗಿ ಕಚೇರಿಕನ್ನಡಿ ಅವರೇ, "ಅದು ಅವರ ಮಾತು" ಅನ್ನುವುದು ಪೂರ್ತಿ ಉತ್ತರ ಅಲ್ಲ. ಅವರ ಮಾತನ್ನು ಅವರ ಸ್ವಂತ ಖಾತೆಯಲ್ಲಿ, ಪಕ್ಷದ ಕಚೇರಿಯಿಂದ ಹೇಳಬಹುದು. ಇಲಾಖೆಯ ಖಾತೆಗೆ ಬಂದಾಗ ಅದು ಇಲಾಖೆಯ ಮಾತಾಗುತ್ತದೆ.

ಜನಮತ:

ಸರಿ, ಇದು ಒಪ್ಪುವಂಥ ಮಾತು. ಆದರೆ ಸಚಿವರಿಗೂ ರಾಜಕೀಯವಾಗಿ ಮಾತಾಡಲು ಒಬ್ಬರು ಬೇಕಲ್ವಾ? ಪ್ರತಿ ದಿನ ಟಿವಿ ಚರ್ಚೆ, ವಿರೋಧಿಗಳ ಆರೋಪ. ಅದಕ್ಕೆಲ್ಲ ಉತ್ತರ ಬರೆಯುವವರು ಯಾರು? ಆ ದಾರಿ ಇಲ್ಲದಿದ್ದರೆ ಒತ್ತಡ ಕೊನೆಗೆ ನಿಮ್ಮಂಥ ಸಿಬ್ಬಂದಿ ಮೇಲೇ ಬೀಳುತ್ತದೆ.

ನ್ಯಾಯದಾರಿ:

ಇದು ಸರಿಯಾದ ಪ್ರಶ್ನೆ. ಬ್ರಿಟನ್ ಇದಕ್ಕೆ ಎರಡು ಸಾಲು ಮಾಡಿಕೊಂಡಿದೆ. ಕಾಯಂ ನೌಕರರದ್ದು ಒಂದು ಸಾಲು, ಸಚಿವರ ಜೊತೆ ಬಂದು ಸಚಿವರ ಜೊತೆಗೇ ಹೋಗುವ ವಿಶೇಷ ಸಲಹೆಗಾರರದ್ದು ಇನ್ನೊಂದು. ಸಲಹೆಗಾರರು ರಾಜಕೀಯ ಮಾತಾಡಬಹುದು. ಆದರೆ 2010ರ ಕಾಯ್ದೆಯ ಪ್ರಕಾರ ಅವರು ಸರ್ಕಾರಿ ಹಣ ಮಂಜೂರು ಮಾಡುವಂತಿಲ್ಲ, ಕಾಯಂ ನೌಕರರ ಮೇಲೆ ಯಜಮಾನಿಕೆ ಮಾಡುವಂತಿಲ್ಲ.

ಆ ನಿಯಮದ ಹಿಂದೆ ಕಹಿ ಅನುಭವ ಇದೆ. 1997ರಲ್ಲಿ ಟೋನಿ ಬ್ಲೇರ್ ಪ್ರಧಾನಿಯಾದ ಕೂಡಲೇ ವಿಶೇಷ ಆದೇಶ ಹೊರಡಿಸಿ, ಮೂರು ಜನ ಸಲಹೆಗಾರರವರೆಗೆ ನೌಕರರಿಗೆ ಆದೇಶ ಕೊಡುವ ಅಧಿಕಾರ ಕೊಟ್ಟರು. ಅವರ ಮಾಧ್ಯಮ ಮುಖ್ಯಸ್ಥ ಅಲಸ್ಟೇರ್ ಕ್ಯಾಂಬೆಲ್ ಅವರಿಗೂ ಆ ಅಧಿಕಾರ ಸಿಕ್ಕಿತು. 2001ರ ಸೆಪ್ಟೆಂಬರ್ 11ರಂದು, ನ್ಯೂಯಾರ್ಕ್‌ನಲ್ಲಿ ದಾಳಿ ನಡೆದ ಹೊತ್ತಿನಲ್ಲೇ, ಸಾರಿಗೆ ಸಚಿವರ ಸಲಹೆಗಾರ್ತಿ ಜೋ ಮೂರ್ ಇಲಾಖೆಯವರಿಗೆ ಒಂದು ಇಮೇಲ್ ಕಳಿಸಿದರು. ಮುಚ್ಚಿಹಾಕಬೇಕಾದ ಕೆಟ್ಟ ಸುದ್ದಿ ಏನಾದರೂ ಇದ್ದರೆ ಹೊರಬಿಡಲು ಇದು ಒಳ್ಳೆಯ ದಿನ ಅನ್ನುವ ಅರ್ಥದ್ದು. ಮುಂದೆ ಆ ಇಲಾಖೆಯ ಮಾಧ್ಯಮ ಸಿಬ್ಬಂದಿಗೂ ಸಲಹೆಗಾರರಿಗೂ ಬೀದಿ ಜಗಳವೇ ಆಯಿತು. 2004ರಲ್ಲಿ ಬಂದ ಫಿಲಿಸ್ ಸಮಿತಿಯ ವರದಿ, ಸರ್ಕಾರ, ಮಾಧ್ಯಮ ಮತ್ತು ಜನರ ನಡುವಿನ ನಂಬಿಕೆ ಎಷ್ಟು ಕುಸಿದಿದೆ ಅಂತ ಬಿಡಿಸಿ ಹೇಳಿತು. 1997ರ ಆ ಆದೇಶವನ್ನು ಗೋರ್ಡನ್ ಬ್ರೌನ್ 2007ರಲ್ಲಿ ಹಿಂದಕ್ಕೆ ಪಡೆದರು.

ರಾಜಕೀಯ ಸಲಹೆಗಾರರು ಇರುವುದು ತಪ್ಪಲ್ಲ ಅಂತಲೇ ನಾನೂ ಹೇಳುತ್ತೇನೆ. ಅವರು ಯಾರು ಅಂತ ಎಲ್ಲರಿಗೂ ಗೊತ್ತಿರಬೇಕು, ಅವರ ಕೈಯಲ್ಲಿ ಇಲಾಖೆಯ ಪಾಸ್‌ವರ್ಡ್ ಇರಬಾರದು.

ಪೋಸ್ಟರ್‌ಮನೆ:

ಪಾಸ್‌ವರ್ಡ್ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸರ್ಕಾರಿ ನೌಕರಳಲ್ಲ. ಇಲಾಖೆಗಳಿಗೆ ಪೋಸ್ಟರ್, ವಿಡಿಯೋ ಮಾಡಿಕೊಡುವ ಏಜೆನ್ಸಿಯಲ್ಲಿ ಡಿಸೈನರ್. ಹೊರಗುತ್ತಿಗೆ. ಈಗ ಈ ಕೆಲಸದ ದೊಡ್ಡ ಪಾಲು ನಮ್ಮಂಥವರ ಕೈಯಲ್ಲೇ ಇದೆ. ನಮಗೆ ಯಾವ ನಡತೆ ನಿಯಮವೂ ಅನ್ವಯ ಆಗುವುದಿಲ್ಲ.

ಒಂದೇ ಕಂಪ್ಯೂಟರ್‌ನಲ್ಲಿ ಬೆಳಿಗ್ಗೆ ಪಕ್ಷದ ಪೋಸ್ಟರ್, ಮಧ್ಯಾಹ್ನ ಇಲಾಖೆಯ ಪೋಸ್ಟರ್ ಮಾಡುವ ಏಜೆನ್ಸಿಗಳಿವೆ. ಅದೇ ಫಾಂಟ್, ಅದೇ ಬಣ್ಣ, ನಾಯಕರ ಅದೇ ಫೋಟೋ. ಪಕ್ಷದ ಚಿಹ್ನೆ ಮಾತ್ರ ತೆಗೆದು ಇಲಾಖೆಯ ಲಾಂಛನ ಇಟ್ಟರೆ ಮುಗಿಯಿತು. ನೋಡುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಯಾರೂ ಒಂದು ಸುಳ್ಳು ಸಾಲನ್ನೂ ಬರೆದಿಲ್ಲ, ಆದರೂ ಅದು ಪಕ್ಷದ ಪೋಸ್ಟರ್. ಬಣ್ಣದ ಬಗ್ಗೆ ಎಲ್ಲಾದರೂ ನಿಯಮ ಇದೆಯಾ?

ನ್ಯಾಯದಾರಿ:

ಇದೆ ಮೇಡಂ. ಕೆನಡಾದ ಕೇಂದ್ರ ಸರ್ಕಾರ 2016ರಲ್ಲಿ ತಂದ ಸಂವಹನ ನೀತಿಯಲ್ಲಿ ನೇರವಾಗಿ ಬರೆದಿದ್ದಾರೆ. ಆಡಳಿತ ಪಕ್ಷದ ಮುಖ್ಯ ಬಣ್ಣ ಎದ್ದು ಕಾಣುವಂತೆ ಬಳಸಬಾರದು. ಪಕ್ಷದ ಘೋಷಣೆ, ಚಿಹ್ನೆ ಇರಬಾರದು. ಜಾಹೀರಾತಿನಲ್ಲಿ ಸಚಿವರ, ಸಂಸದರ ಹೆಸರು, ದನಿ, ಚಿತ್ರ ಯಾವುದೂ ಇರಬಾರದು. ವಿಷಯ ವಸ್ತುನಿಷ್ಠವಾಗಿ, ವಿವರಣೆಯ ರೂಪದಲ್ಲಿ ಇರಬೇಕು.

ಫೋಟೋ ವಿಷಯದಲ್ಲಿ ಭಾರತದ ಸುಪ್ರೀಂ ಕೋರ್ಟ್ ಕೂಡ 2015ರ ಮೇ ತಿಂಗಳಲ್ಲಿ ಕಾಮನ್ ಕಾಸ್ ಪ್ರಕರಣದಲ್ಲಿ ಕಟ್ಟುನಿಟ್ಟಾದ ತೀರ್ಪು ಕೊಟ್ಟಿತ್ತು. ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಇವರ ಚಿತ್ರ ಮಾತ್ರ ಹಾಕಬಹುದು ಅಂತ. ರಾಜ್ಯಗಳು ಮತ್ತೆ ಕೋರ್ಟಿಗೆ ಹೋದವು. 2016ರ ಮಾರ್ಚ್‌ನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿಗಳು, ಸಚಿವರ ಚಿತ್ರಕ್ಕೂ ಅವಕಾಶ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ ಮೊದಲ ತೀರ್ಪೇ ವಾಸಿ ಇತ್ತು. ಅದರಲ್ಲೂ ಪ್ರಧಾನಿಗೆ ಕೊಟ್ಟ ರಿಯಾಯಿತಿ ಯಾಕೆ ಅನ್ನುವ ಪ್ರಶ್ನೆ ಉಳಿದೇ ಇತ್ತು. ಆದರೆ ಆಡಳಿತ ಪಕ್ಷದ ಹಿತಕ್ಕೆ ಜಾಹೀರಾತು ಬಳಸಬಾರದು ಅನ್ನುವ ಮಾರ್ಗಸೂಚಿ ಇವತ್ತಿಗೂ ಇದೆ.

ಹಳೇಟಿಪ್ಪಣಿ:

ನಿಯಮ ಇದ್ದರೆ ಸಾಲದು, ಹೊರಗಿನವರು ಯಾರಾದರೂ ಮೊದಲೇ ನೋಡಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯ 2004ರಲ್ಲಿ ಒಂದು ಕಾನೂನು ಮಾಡಿತು. ಸರ್ಕಾರದ ಜಾಹೀರಾತು ಪ್ರಕಟ ಆಗುವ ಮೊದಲೇ ಆಡಿಟರ್ ಜನರಲ್ ಕಚೇರಿಗೆ ಹೋಗಬೇಕು, ಅವರು ಪಕ್ಷ ಪ್ರಚಾರ ಅಲ್ಲ ಅಂತ ಹೇಳಿದ ಮೇಲೇ ಹೊರಬರಬೇಕು. ಬಹಳ ಒಳ್ಳೆಯ ಏರ್ಪಾಡು. ಆದರೆ 2015ರಲ್ಲಿ ಅದೇ ಕಾನೂನಿಗೆ ತಿದ್ದುಪಡಿ ತಂದು "ಪಕ್ಷ ಪ್ರಚಾರ" ಅನ್ನುವುದರ ವ್ಯಾಖ್ಯೆಯನ್ನು ಕಿರಿದು ಮಾಡಿಬಿಟ್ಟರು. ಆಮೇಲೆ ತಾವು ಬರೀ ಮುದ್ರೆ ಒತ್ತುವವರಾಗಿದ್ದೇವೆ ಅಂತ ಆಡಿಟರ್ ಕಚೇರಿಯೇ ದೂರಿತು. ಯಾವ ಪಕ್ಷವೇ ಆಗಲಿ, ವಿರೋಧದಲ್ಲಿದ್ದಾಗ ಈ ಕಾವಲು ಬೇಕು ಅನ್ನುತ್ತದೆ, ಅಧಿಕಾರಕ್ಕೆ ಬಂದ ಮೇಲೆ ಭಾರ ಅನ್ನುತ್ತದೆ.

ಚುನಾವಣೆ ಹೊತ್ತಿನದ್ದು ಸುಲಭ. ನೀತಿ ಸಂಹಿತೆ ಜಾರಿಯಾದ ಕೂಡಲೇ ಎಲ್ಲರಿಗೂ ಭಯ ಬರುತ್ತದೆ, ಫಲಕಗಳಿಗೆ ಬಟ್ಟೆ ಬೀಳುತ್ತದೆ, ವೆಬ್‌ಸೈಟ್‌ನಿಂದ ಫೋಟೋ ಇಳಿಯುತ್ತದೆ. ಉಳಿದ ನಾಲ್ಕೂಮುಕ್ಕಾಲು ವರ್ಷವೇ ನಿಜವಾದ ಪರೀಕ್ಷೆ.

ಸುದ್ದಿಮನೆ:

ಹೆಸರು ಮುಚ್ಚಿಟ್ಟು ಮಾಡುವ ಪ್ರಚಾರ ಇನ್ನೂ ಅಪಾಯ. 2004ರಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಯೋಜನೆಯ ಹೊಸ ಕಾನೂನಿನ ಬಗ್ಗೆ ವಿಡಿಯೋ ಮಾಡಿಸಿ ಟಿವಿ ಚಾನೆಲ್‌ಗಳಿಗೆ ಕಳಿಸಿತು. ನೋಡಿದರೆ ಥೇಟ್ ಸುದ್ದಿ ವರದಿ. ವರದಿಗಾರ್ತಿಯ ಹಾಗೆ ಮಾತಾಡಿದವರು ಇಲಾಖೆಯ ಗುತ್ತಿಗೆ ಸಂಸ್ಥೆ ಕರೆತಂದವರು. ಸರ್ಕಾರ ಮಾಡಿಸಿದ್ದು ಅಂತ ನೋಡುಗರಿಗೆ ಎಲ್ಲೂ ಹೇಳಿರಲಿಲ್ಲ. ಸಂಸತ್ತಿನ ಪರವಾಗಿ ಲೆಕ್ಕ ನೋಡುವ ಸಂಸ್ಥೆ ಜಿಎಒ ಇದನ್ನು ಗುಪ್ತ ಪ್ರಚಾರ ಅಂತಲೇ ಕರೆಯಿತು. ಪೋಸ್ಟರ್‌ಮನೆ ಮೇಡಂ, ನೀವು ಹೇಳಿದ ಹೊರಗುತ್ತಿಗೆ ಸಮಸ್ಯೆ ಇದೇ. ಕೆಲಸ ಹೊರಗೆ ಹೋದ ಕೂಡಲೇ ಹೊಣೆಯೂ ಹೊರಗೆ ಹೋಗಿಬಿಡುತ್ತದೆ.

ಇತ್ತೀಚಿನ ಇನ್ನೊಂದು ಪ್ರಕರಣ ನನ್ನ ಮನಸ್ಸನ್ನು ಕಲಕಿತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸರ್ಕಾರ ಬಜೆಟ್ ಜಟಾಪಟಿಯಿಂದ ಸ್ಥಗಿತ ಆಯಿತಲ್ಲ, ಆಗ ರಜೆ ಮೇಲೆ ಹೋದ ಶಿಕ್ಷಣ ಇಲಾಖೆಯ ನೌಕರರು ಎಲ್ಲರೂ ಮಾಡುವಂತೆ "ನಾನು ಕಚೇರಿಯಲ್ಲಿಲ್ಲ" ಅನ್ನುವ ಸ್ವಯಂ ಉತ್ತರ ಇಟ್ಟು ಹೋಗಿದ್ದರು. ಅವರಿಗೆ ತಿಳಿಸದೆ ಅದನ್ನು ಬದಲಿಸಿ, ಸ್ಥಗಿತಕ್ಕೆ ಡೆಮಾಕ್ರಟಿಕ್ ಸೆನೆಟರ್‌ಗಳು ಕಾರಣ ಅನ್ನುವ ಮಾತು ಸೇರಿಸಲಾಯಿತು. ಅದೂ "ನನ್ನನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ" ಅಂತ ನೌಕರರೇ ಮಾತಾಡುವ ಧಾಟಿಯಲ್ಲಿ, ಅವರದೇ ಹೆಸರಿನ ಇಮೇಲ್‌ನಿಂದ. ನೌಕರರ ಸಂಘ ಕೋರ್ಟಿಗೆ ಹೋಯಿತು. ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಇದು ಅವರ ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಅಂತ ತೀರ್ಪು ಕೊಟ್ಟರು.

ತಟಸ್ಥತೆ ಅಂದರೆ ನೌಕರರ ಮೇಲೆ ಹೇರುವ ಕಟ್ಟುಪಾಡು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಅವರಿಗೆ ರಕ್ಷಣೆಯೂ ಹೌದು. ನನ್ನ ಹೆಸರಿನಲ್ಲಿ ಇನ್ನೊಬ್ಬರ ರಾಜಕೀಯ ಆಡಿಸಬೇಡಿ ಅಂತ ಕೇಳುವ ಹಕ್ಕು.

ಕಚೇರಿಕನ್ನಡಿ:

ಇದನ್ನು ಓದಿ ಇನ್ನೊಂದು ಕೇಳಬೇಕು ಅನಿಸಿತು. ನನ್ನ ಸ್ವಂತ ಖಾತೆ? ಮನೆಗೆ ಹೋದ ಮೇಲೆ ನಾನೂ ಒಬ್ಬಳು ಮತದಾರಳು. ಒಂದು ಪೋಸ್ಟ್‌ಗೆ ಲೈಕ್ ಒತ್ತಿದರೂ ತಪ್ಪಾ?

ನ್ಯಾಯದಾರಿ:

ಇದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಕಠಿಣ ಉದಾಹರಣೆ ಆಸ್ಟ್ರೇಲಿಯಾದ್ದು. ವಲಸೆ ಇಲಾಖೆಯ ನೌಕರರೊಬ್ಬರು ಹೆಸರು ಹಾಕದ ಟ್ವಿಟರ್ ಖಾತೆಯಿಂದ ಸರ್ಕಾರದ ವಲಸೆ ನೀತಿಯನ್ನೂ ಎರಡೂ ಕಡೆಯ ರಾಜಕಾರಣಿಗಳನ್ನೂ ಟೀಕಿಸುತ್ತಿದ್ದರು. ಕೆಲಸ ಹೋಯಿತು. ಕಾಮ್‌ಕೇರ್ (ಸರ್ಕಾರಿ ನೌಕರರ ಪರಿಹಾರ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ವಿರುದ್ಧ ಬ್ಯಾನರ್ಜಿ (ಆ ನೌಕರರು) ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ಅವರ ಸರ್ವೋಚ್ಚ ನ್ಯಾಯಾಲಯ, 2019ರ ಆಗಸ್ಟ್‌ನಲ್ಲಿ ಒಮ್ಮತದಿಂದ ಸರ್ಕಾರದ ಪರ ತೀರ್ಪು ಕೊಟ್ಟಿತು. ರಾಜಕೀಯದಿಂದ ದೂರ ಇರುವ ನೌಕರ ವರ್ಗ ಬೇಕು ಅನ್ನುವ ಉದ್ದೇಶ ದೊಡ್ಡದು ಅನ್ನುವುದು ಅದರ ಸಾರ.

ಸುದ್ದಿಮನೆ:

ನನಗೆ ಆ ತೀರ್ಪು ಜಾಸ್ತಿ ಆಯಿತು ಅನಿಸುತ್ತದೆ. ಹೆಸರಿಲ್ಲ, ಇಲಾಖೆಯ ಗುಟ್ಟು ಹೊರಬಿಟ್ಟಿಲ್ಲ, ಹೆಚ್ಚು ಕಡಿಮೆ ಎಲ್ಲವೂ ಕಚೇರಿ ಸಮಯದ ಹೊರಗೆ. ಕೆಲಸವನ್ನೇ ಕಿತ್ತುಕೊಳ್ಳುವುದು ಅಂದರೆ ಉಳಿದವರನ್ನು ಹೆದರಿಸಿದ ಹಾಗೆ. ಹೆದರಿದವರು ತಟಸ್ಥರಾಗುವುದಿಲ್ಲ, ಅಧಿಕಾರದಲ್ಲಿರುವವರ ಕಡೆ ವಾಲುತ್ತಾರೆ.

ಹಳೇಟಿಪ್ಪಣಿ:

ನಾನು ಪೂರ್ತಿ ಒಪ್ಪುವುದಿಲ್ಲ. ಬೇರೆ ಇಲಾಖೆಯ ಗುಮಾಸ್ತರಿಗೂ ಮಾಧ್ಯಮ ವಿಭಾಗದವರಿಗೂ ವ್ಯತ್ಯಾಸ ಇದೆ. ನಮ್ಮ ಮಾತೇ ನಮ್ಮ ಕೆಲಸ. 2020ರ ಮೇ 24ರಂದು ಬ್ರಿಟನ್ನಿನ ಸಿವಿಲ್ ಸರ್ವಿಸ್‌ನ ಅಧಿಕೃತ ಟ್ವಿಟರ್ ಖಾತೆಯಿಂದಲೇ ಸರ್ಕಾರವನ್ನು ಬೈಯುವ ಒಂದು ಟ್ವೀಟ್ ಬಂತು. ಪ್ರಧಾನಿ ಬೋರಿಸ್ ಜಾನ್ಸನ್ ಅವರು ಲಾಕ್‌ಡೌನ್ ವಿವಾದದಲ್ಲಿ ತಮ್ಮ ಸಲಹೆಗಾರನನ್ನು ಸಮರ್ಥಿಸಿಕೊಂಡ ಸಂಜೆ ಅದು. ಕೆಲವೇ ನಿಮಿಷಗಳಲ್ಲಿ ಅಳಿಸಿದರು, ಅಷ್ಟರಲ್ಲಿ ಸಾವಿರಾರು ಜನ ಹಂಚಿಕೊಂಡಿದ್ದರು. ಬಹಳ ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟುವುದಿಲ್ಲ. ಆ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಇವತ್ತು ಸರ್ಕಾರದ ವಿರುದ್ಧ ಆ ಖಾತೆ ಬಳಸಬಹುದು ಅಂದರೆ ನಾಳೆ ಸರ್ಕಾರದ ಪರ ಬಳಸುವುದನ್ನು ಯಾವ ಬಾಯಲ್ಲಿ ಬೇಡ ಅನ್ನುತ್ತೀರಿ?

ಸ್ವಂತ ಖಾತೆಯ ಬಗ್ಗೆ ನನ್ನ ಸಲಹೆ: ವೋಟು ಹಾಕಿ, ಮನೆಯಲ್ಲಿ ಚರ್ಚೆ ಮಾಡಿ. ಸಾರ್ವಜನಿಕವಾಗಿ ಪಕ್ಷದ ಪರ ವಿರೋಧ ಬರೆಯಬೇಡಿ. ಅದರಲ್ಲೂ ನಿಮ್ಮ ಇಲಾಖೆಯ ವಿಷಯ ಮುಟ್ಟಲೇಬೇಡಿ.

ಜನಮತ:

ಇಷ್ಟು ಓದಿದ ಮೇಲೆ ನನ್ನ ನಿಲುವು ಸ್ವಲ್ಪ ಬದಲಾಗಿದೆ. ಇಲಾಖೆಯ ಖಾತೆಯಲ್ಲಿ ಪಕ್ಷದ ಮಾತು ಬೇಡ, ಒಪ್ಪಿದೆ. ಆದರೆ ಒಂದು ಮಾತು ನೀವೂ ಒಪ್ಪಬೇಕು. ತಮಗೆ ಇಷ್ಟ ಇಲ್ಲದ ಸರ್ಕಾರ ಬಂದರೆ ಕೆಲವರು ಸುಮ್ನೆ ನಿಧಾನ ಮಾಡುತ್ತಾರೆ. ಪ್ರಕಟಣೆ ಸಂಜೆ ಆರರ ಮೇಲೆ ಕಳಿಸುತ್ತಾರೆ, ಮಸುಕಾದ ಫೋಟೋ ಹಾಕುತ್ತಾರೆ, ಡ್ರಾಫ್ಟ್ ಸೋರಿಕೆ ಮಾಡುತ್ತಾರೆ. ಅದೂ ರಾಜಕೀಯವೇ. ಹೊಗಳಬೇಡಿ, ಸರಿ. ಆದರೆ ನೀತಿಯನ್ನು ಪೂರ್ತಿ ಶಕ್ತಿ ಹಾಕಿ ವಿವರಿಸಬೇಕು, ಅದು ನಿಮಗೆ ವೈಯಕ್ತಿಕವಾಗಿ ಹಿಡಿಸದಿದ್ದರೂ.

ಹಳೇಟಿಪ್ಪಣಿ:

ನೂರಕ್ಕೆ ನೂರು ಒಪ್ಪುತ್ತೇನೆ. ಈ ವೃತ್ತಿಯ ಕಷ್ಟವೇ ಅದು. ನಾನು ಒಪ್ಪದ ನೀತಿಗಳ ಬಗ್ಗೆಯೂ ಜನರಿಗೆ ಅರ್ಥವಾಗುವ ಹಾಗೆ, ಒಂದು ಅಂಕಿಯೂ ತಪ್ಪದ ಹಾಗೆ ಬರೆದಿದ್ದೇನೆ.

ಈಗ ಕಚೇರಿಕನ್ನಡಿ ಅವರ ಮೂಲ ಕಷ್ಟ, ಅಂದರೆ ಆ ಫೋನ್ ಕರೆ. ನೋಡಮ್ಮಾ, ಒಬ್ಬರೇ ನಿಂತು "ಆಗುವುದಿಲ್ಲ" ಅಂದರೆ ವರ್ಗಾವಣೆ ಕೈಗೆ ಬರುತ್ತದೆ. ಅದು ಎಲ್ಲರಿಗೂ ಗೊತ್ತು. ಒಬ್ಬೊಬ್ಬರ ಧೈರ್ಯದ ಮೇಲೆ ನಿಂತ ತಟಸ್ಥತೆ ಬಹಳ ದಿನ ಬಾಳುವುದಿಲ್ಲ. ಅದಕ್ಕೇ ಬಾಯಿಮಾತನ್ನು ಕಾಗದಕ್ಕೆ ಇಳಿಸಬೇಕು. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಬರೀ ಮೌಖಿಕ ಸೂಚನೆ ಮೇಲೆ ಅಧಿಕಾರಿಗಳು ಕೆಲಸ ಮಾಡಬಾರದು, ಅದನ್ನು ಬರೆದು ದಾಖಲಿಸಬೇಕು. ಕೇಳಿದವರು ನಿವೃತ್ತ ಅಧಿಕಾರಿಗಳೇ, ಆ ಒತ್ತಡ ಉಂಡವರೇ.

ಜಗಳದ ಧಾಟಿ ಬೇಡ. ಫೋನ್ ಇಟ್ಟ ಮೇಲೆ ನಿಮ್ಮ ಮೇಲಧಿಕಾರಿಗೆ ಒಂದು ಸಣ್ಣ ಇಮೇಲ್: "ಇಂದಿನ ಪೋಸ್ಟ್‌ಗೆ ಈ ಹ್ಯಾಷ್‌ಟ್ಯಾಗ್ ಸೇರಿಸಲು ದೂರವಾಣಿಯಲ್ಲಿ ಸೂಚನೆ ಬಂದಿದೆ. ಇದು ಪಕ್ಷದ ಅಧಿಕೃತ ಖಾತೆಯಲ್ಲಿ ಬಳಕೆಯಲ್ಲಿದೆ. ಇಲಾಖೆಯ ಖಾತೆಯಲ್ಲಿ ಬಳಸಬಹುದೇ ಎಂದು ಲಿಖಿತವಾಗಿ ತಿಳಿಸಲು ಕೋರಿದೆ. ಅಲ್ಲಿಯವರೆಗೆ ಹ್ಯಾಷ್‌ಟ್ಯಾಗ್ ಇಲ್ಲದೆ ಪ್ರಕಟಿಸಲಾಗಿದೆ." ಇಷ್ಟೇ. ಪೋಸ್ಟ್ ನಿಲ್ಲಿಸಬೇಡಿ. ಸುದ್ದಿ ಹೋಗಬೇಕು, ಹ್ಯಾಷ್‌ಟ್ಯಾಗ್ ಮಾತ್ರ ಕಾಯಲಿ. ಬರವಣಿಗೆಯಲ್ಲಿ "ಹಾಕಿ" ಅಂತ ಉತ್ತರ ಕೊಡುವವರು ಕಡಿಮೆ.

ಪೋಸ್ಟರ್‌ಮನೆ:

ನಮ್ಮಂಥವರಿಗೂ ಇಂಥ ಒಂದು ದಾರಿ ಬೇಕು ಸರ್. ಟೆಂಡರ್ ಷರತ್ತಿನಲ್ಲೇ ಬರೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಇಲಾಖೆಯ ಕೆಲಸ ಮಾಡುವ ತಂಡ ಅದೇ ಅವಧಿಯಲ್ಲಿ ಯಾವ ಪಕ್ಷದ ಕೆಲಸವನ್ನೂ ಮಾಡಬಾರದು. ಡಿಸೈನ್‌ಗೆ ಒಪ್ಪಿಗೆ ಕೊಡುವವರು ಕಾಯಂ ಅಧಿಕಾರಿಯೇ ಆಗಿರಬೇಕು, ಅವರ ಹೆಸರು ಫೈಲಿನಲ್ಲಿ ಇರಬೇಕು. ಖಾತೆಯ ಲಾಗಿನ್ ಇಲಾಖೆಯ ಇಮೇಲ್‌ಗೆ ಮಾತ್ರ ಜೋಡಿಸಿರಬೇಕು. ಈಗ ಎಷ್ಟೋ ಕಡೆ ಅದು ಯಾವುದೋ ಏಜೆನ್ಸಿ ಹುಡುಗನ ಮೊಬೈಲ್ ನಂಬರಿಗೆ ಇರುತ್ತದೆ. ಗುತ್ತಿಗೆ ಮುಗಿದ ಮೇಲೆ ಖಾತೆ ಯಾರ ಕೈಯಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಕಚೇರಿಕನ್ನಡಿ:

ಖಾತೆ ಹಸ್ತಾಂತರದ ಬಗ್ಗೆ ನಮ್ಮಲ್ಲೂ ಗೊಂದಲ ಇದೆ. ಸಚಿವರು ಬದಲಾದಾಗ ಹಳೆಯ ಪೋಸ್ಟ್‌ಗಳನ್ನು ಅಳಿಸಿ ಅಂತ ಹೇಳುತ್ತಾರೆ. ಅಳಿಸಬೇಕಾ?

ನ್ಯಾಯದಾರಿ:

ಅಳಿಸಬೇಡಿ, ಅದು ಸರ್ಕಾರಿ ದಾಖಲೆ. 2017ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ಅಧಿಕೃತ ಟ್ವಿಟರ್ ಖಾತೆ ಒಬಾಮ ಅವರಿಂದ ಟ್ರಂಪ್ ಅವರಿಗೆ ಹೋದಾಗ, ಹಳೆಯ ಟ್ವೀಟ್‌ಗಳನ್ನೆಲ್ಲ ಬೇರೆ ಹೆಸರಿನ ಖಾತೆಗೆ ವರ್ಗಾಯಿಸಿ ರಾಷ್ಟ್ರೀಯ ದಾಖಲೆ ಸಂಸ್ಥೆಯ ಸುಪರ್ದಿಗೆ ಒಪ್ಪಿಸಿದರು. ಹೊಸಬರಿಗೆ ಖಾಲಿ ಖಾತೆ, ಹಿಂಬಾಲಿಸುವವರು ಮಾತ್ರ ಅವರೇ. ಇಲಾಖೆ ಮಟ್ಟದಲ್ಲಿ ಅಷ್ಟೆಲ್ಲ ಬೇಡ. ಇಲಾಖೆಯ ಖಾತೆಗೆ ಸಚಿವರ ಹೆಸರು ಇಡದೆ ಇಲಾಖೆಯ ಹೆಸರೇ ಇಟ್ಟರೆ ಯಾರು ಬಂದು ಹೋದರೂ ಅದು ಹಾಗೇ ಮುಂದುವರಿಯುತ್ತದೆ.

ಹಳೇಟಿಪ್ಪಣಿ:

ಹಳೆಯ ಪತ್ರಿಕಾ ಪ್ರಕಟಣೆಗಳನ್ನೂ ವೆಬ್‌ಸೈಟ್‌ನಿಂದ ತೆಗೆಯಬೇಡಿ. ಪ್ರತಿಯೊಂದರ ಮೇಲೂ ದಿನಾಂಕ ಇರಲಿ, ಆಗ ಸಚಿವರಾಗಿದ್ದವರ ಹೆಸರು ಇರಲಿ. ಯಾರಾದರೂ ಅಳಿಸಿ ಅಂದರೆ, ಆ ಸೂಚನೆಯನ್ನೂ ಲಿಖಿತವಾಗಿಯೇ ಕೇಳಿ.